ಪುರಂದರನು ಸಮುದ್ರ ದಾಟಿದ್ದು

ಕೊಯಮತ್ತೂರಿನ ಸುಕ್ರವಾರಪೇಟೆಯ ನಮ್ಮ ಬೀದಿಯಲ್ಲಿ ಸಮುದ್ರ ದಾಟಿದವನು ಎಂದರೆ ಒಬ್ಬನೇ, ಪುರಂದರ. ನಿಜವಾಗಿ ದಾಟಲಿಲ್ಲ ಎಂಬುದೊಂದನ್ನು ಬಿಟ್ಟರೆ ಅವನ ಪ್ರಯಾಣದಲ್ಲಿ ಯಾವ ಕೊರತೆಯೂ ಇರಲಿಲ್ಲ. ಹೊರಡುವಾಗ ರೈಲ್ವೆ ಸ್ಟೇಷನ್ನಿನಲ್ಲಿ ಹಾರ ಹಾಕಿಸಿಕೊಂಡ. ಬಂದ ಮೇಲೆ ತಿಂಗಳುಗಟ್ಟಲೆ ಅದರ ವರ್ಣನೆ ಮಾಡಿದ. ಕೊನೆಗೆ ಸಮುದ್ರ ದಾಟಿದ ಪಾಪಕ್ಕೆ ಪ್ರಾಯಶ್ಚಿತ್ತವನ್ನೂ ಮಾಡಿಕೊಂಡ, ಅರ್ಧ. ಆ ಅರ್ಧದ ಕಥೆಯನ್ನೇ ಈಗ ಹೇಳಬೇಕಾಗಿರುವುದು.

ಪುರಂದರ ಪೀಳಮೇಡಿನ ಒಂದು ನೂಲಿನ ಗಿರಣಿಯಲ್ಲಿ ಗುಮಾಸ್ತ. ಗಿರಣಿಗೆ ಒಂದು ಫುಟ್‌ಬಾಲ್ ತಂಡವಿತ್ತು, ತಂಡಕ್ಕೆ ಒಬ್ಬ ಕಾರ್ಯದರ್ಶಿ ಬೇಕಿತ್ತು. ಇಂಗ್ಲಿಷ್ ಪತ್ರಿಕೆಯ ಆಟದ ಪುಟವನ್ನು ಗಟ್ಟಿಯಾಗಿ ಓದಿ ಹೇಳಬಲ್ಲ ಎಂಬ ಒಂದೇ ಕಾರಣಕ್ಕೆ ಆ ಪದವಿ ಪುರಂದರನ ತಲೆಗೆ ಬಂತು. ಜನ್ಮದಲ್ಲಿ ಒಮ್ಮೆಯೂ ಚೆಂಡನ್ನು ಒದ್ದವನಲ್ಲ. ಒಮ್ಮೆ ಚೆಂಡು ತಾನಾಗಿಯೇ ಅವನ ಕಡೆಗೆ ಉರುಳಿ ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟವನು. ಆದರೆ ಪದವಿ ಬಂದ ಮೇಲೆ ಜುಟ್ಟು ತೆಗೆಸಿ ಕ್ರಾಪು ಬಿಟ್ಟ, ಎಣ್ಣೆ ಹಚ್ಚಿ ಬೈತಲೆ ತೆಗೆದ, ಮಾತಿಗೊಮ್ಮೆ "ನಮ್ಮ ಆಟದಲ್ಲಿ" ಎನ್ನತೊಡಗಿದ.

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಸಿಂಹಳದ ಕೊಳುಂಬಿನಲ್ಲಿ ನಾಲ್ಕು ದೇಶಗಳ ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ ಎಂದು ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಹೇಳಿದ ಪುರಂದರ, ಪತ್ರಿಕೆ ಮಡಿಸುತ್ತಾ, ಸುಮ್ಮನಿರಲಾರದೆ, "ಇಂಥದ್ದನ್ನ ಓದಿದರೆ ಸಾಲದು ಸಾರ್, ಕಣ್ಣಾರೆ ನೋಡಬೇಕು" ಎಂದ. ಹೋಗಬೇಕೆಂಬ ಆಸೆಯಿಂದ ಹೇಳಿದ ಮಾತಲ್ಲ ಅದು. ಕಾಫಿ ಕುಡಿದ ಮೇಲೆ ಬಾಯಿಗೆ ಬಂದ ಮಾತು. ಆದರೆ ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಮ್ಯಾನೇಜರ್ ಸೋಮಸುಂದರಂ ಅಲ್ಲೇ ನಿಂತಿದ್ದರು.

"ಭೇಷ್! ಪೋಯ್ಟ್ ವಾಂಗ, ಪುರಂದರ್!" ಎಂದು ಬೆನ್ನು ತಟ್ಟಿದರು. ಹೋಗಿಯೇ ಬನ್ನಿ ಎಂದು ಮ್ಯಾನೇಜರು ಹೇಳಿದ ಮೇಲೆ ಹೋಗುವುದಿಲ್ಲ ಎನ್ನುವ ಧೈರ್ಯ ನಮ್ಮವನಿಗೆ ಎಲ್ಲಿಂದ ಬರಬೇಕು? ರಜೆ, ಪರವಾನಗಿ, ಟಿಕೆಟ್ಟು ಎಲ್ಲವನ್ನೂ ಗಿರಣಿಯೇ ಮಾಡಿಸಿತು. ಬೀದಿಗೆಲ್ಲ ಸುದ್ದಿ ಹಬ್ಬಿತು. ಒಬ್ಬರಿಗೆ ಮಾತ್ರ ತಿಳಿಯಲಿಲ್ಲ, ಅವನ ತಾಯಿ ಸುಂದರಮ್ಮನವರಿಗೆ.

ತಿಳಿಯುವಂತೆಯೂ ಇರಲಿಲ್ಲ. ಸುಂದರಮ್ಮನವರು ವೈಷ್ಣವ ಮನೆತನದ ಹಳೆಯ ತಲೆ, ವಿಧವೆ, ಕಡು ಮಡಿ. ಅಡುಗೆಮನೆ, ದೇವರಮನೆ, ಹಿತ್ತಿಲ ಬಾವಿ, ಇಷ್ಟೇ ಅವರ ಪ್ರಪಂಚ. ಸಮುದ್ರ ದಾಟಿದವನು ಮುಟ್ಟಿದ ನೀರನ್ನು ಅವರ ವಂಶದಲ್ಲಿ ಯಾರೂ ಕುಡಿದಿರಲಿಲ್ಲ. ಅವರ ಸ್ವಂತ ಸೋದರಮಾವ ಬರ್ಮಾಕ್ಕೆ ಹೋಗಿ ಬಂದಾಗ ಅವನಿಗೆ ಹಿತ್ತಿಲಲ್ಲಿ ಎಲೆ ಹಾಕಿದ್ದರಂತೆ. ಅದನ್ನು ಹೇಳುವಾಗಲೆಲ್ಲ ಸುಂದರಮ್ಮನವರ ಕಣ್ಣು ಒದ್ದೆಯಾಗುತ್ತಿತ್ತು, ಆದರೆ ಎಲೆ ಹಾಕಿದ್ದು ತಪ್ಪು ಎಂದು ಒಮ್ಮೆಯೂ ಹೇಳಿದವರಲ್ಲ.

ಪುರಂದರ ಯೋಚಿಸಿದ. ಕೊಳುಂಬಿನ ಹಡಗಿಗೆ ಹೋಗುವ ರೈಲೂ ರಾಮೇಶ್ವರಕ್ಕೆ ಹೋಗುವ ರೈಲೂ ಒಂದೇ ದಾರಿ. ಹಾಗಾಗಿ ಅಮ್ಮನ ಹತ್ತಿರ, "ರಾಮೇಶ್ವರಕ್ಕೆ ಹೋಗ್ಬಿಟ್ಟು ಬರ್ತೀನಮ್ಮಾ" ಎಂದುಬಿಟ್ಟ.

ಸುಂದರಮ್ಮನವರು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಸತ್ಯಮಾ ಪುರಂದರಾ? ನಿಮ್ಮಪ್ಪ ಸಾಯೋ ತನಕ ಸೇತು ಸೇತು ಅಂತಲೇ ಇದ್ರು. ಹೋಗೋಕೆ ಆಗಲೇ ಇಲ್ಲ, ಪಾವಂ. ನೀ ಹೋಗಿ ಅವರ ಹೆಸರಲ್ಲಿ ಒಂದು ಪಿಂಡ ಹಾಕಿಬಿಟ್ಟರೆ ಸಾಕುಡಾ. ನಂಗೆ ಬೇರೆ ಏನೂ ಬೇಡ."

ಒಂದು ಬಿಳಿ ಬಟ್ಟೆಯಲ್ಲಿ ಪಿಂಡಕ್ಕೆಂದು ಅಕ್ಕಿ, ಎಳ್ಳು ಕಟ್ಟಿಕೊಟ್ಟರು. ತೀರ್ಥ ತರಲು ಒಂದು ತಾಮ್ರದ ತಂಬಿಗೆ ಕೊಟ್ಟರು. "ಕಡೇಗಾಲಕ್ಕೆ ನನ್ನ ಬಾಯಿಗೆ ಆ ತೀರ್ಥ ನಿನ್ನ ಕೈಯಿಂದಲೇ ಬೀಳಬೇಕು" ಎಂದರು. ಹೇಗೂ ಹಿಂದಿರುಗುವಾಗ ರಾಮೇಶ್ವರದಲ್ಲಿ ಇಳಿದರಾಯಿತು ಎಂದು ಪುರಂದರ ಗಂಟನ್ನು ತೆಗೆದುಕೊಂಡ. ಅಲ್ಲಿಯವರೆಗೆ ಅವನ ಲೆಕ್ಕಾಚಾರದಲ್ಲಿ ಮೋಸವೇನೂ ಇರಲಿಲ್ಲ.

ಹೊರಡುವ ದಿನ ಸ್ಟೇಷನ್ನಿನಲ್ಲಿ ಗಿರಣಿಯ ತಂಡ, ನಮ್ಮ ಬೀದಿಯವರು, ಎಲ್ಲರೂ ಸೇರಿದರು. ತಿರುಪ್ಪೂರಿನಿಂದ ಗೋವಿಂದಸಾಮಿಯೂ ಬಂದ. ಅವನು ಪುರಂದರನ ಜೊತೆ ಶಾಲೆಯಲ್ಲಿ ಓದಿದವನು, ಒಕ್ಕಲು ಮನೆಯ ಹುಡುಗ, ಈಗ ತಿರುಪ್ಪೂರಿನಲ್ಲಿ ಸ್ವಂತ ಬನಿಯನ್ ಕಾರ್ಖಾನೆ ಹಾಕಿದ್ದ. ಕೆಂಪು ಪಟ್ಟೆಯ ಒಂದು ದಪ್ಪ ಬನಿಯನ್ನನ್ನು ತಾನೇ ನೇಯಿಸಿ ತಂದಿದ್ದ.

"ಇದನ್ನ ಹಾಕ್ಕೊಂಡೇ ಹೋಗು ಸಾಮಿ. ತೆಗೀಬ್ಯಾಡ. ಆಟಗಾರರು ನೋಡಿ ಎಲ್ಲಿದು ಅಂತ ಕೇಳ್ಲಿ. ತಿರುಪ್ಪೂರ್ ಗೋವಿಂದಸಾಮಿ ಅಂತ ಹೇಳು, ಸಾಕು."

ಪುರಂದರ ಸ್ನೇಹಕ್ಕೆ ಕಟ್ಟುಬಿದ್ದು ಅದನ್ನು ತೆಗೆಯಲೇ ಇಲ್ಲ. ಆ ಬಿಸಿಲಿನಲ್ಲಿ, ತಿರುಚ್ಚಿಯಲ್ಲಿ ರೈಲು ಬದಲಾಯಿಸುವಾಗಲೂ ತೆಗೆಯಲಿಲ್ಲ. ಬೆವರು ಹರಿಯಿತು, ಬನಿಯನ್ನಿನ ಬಣ್ಣವೂ ಹರಿಯಿತು, ಮೈತುಂಬ ಬೆವರುಸಾಲೆ ಎದ್ದಿತು. ಮಂಡಪಂ ಮುಟ್ಟುವ ಹೊತ್ತಿಗೆ ಪುರಂದರ ಕತ್ತಿನಿಂದ ಸೊಂಟದವರೆಗೆ ಕೆಂಪಗೆ ಗುಳ್ಳೆಗುಳ್ಳೆಯಾಗಿದ್ದ.

ಸಿಂಹಳಕ್ಕೆ ಹೋಗುವವರನ್ನು ಈಚೆ ದಡದ ಮಂಡಪಂ ಊರಿನ ಕ್ಯಾಂಪಿನಲ್ಲಿಯೇ ಇಳಿಸಿ ರೋಗ ರುಜಿನ ಇದೆಯೇ ಎಂದು ಪರೀಕ್ಷೆ ಮಾಡುವ ಪದ್ಧತಿ ಆಗ ಇತ್ತು. ಡಾಕ್ಟರು ಪುರಂದರನ ಅಂಗಿ ಬಿಚ್ಚಿಸಿದರು. ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದರು.

"ಇದು ಬನಿಯನ್ ಸಾರ್" ಎಂದ ಪುರಂದರ.

ಸಿಡುಬಿಗೆ ನಾನಾ ಜನ ನಾನಾ ಹೆಸರಿಟ್ಟಿದ್ದನ್ನು ಡಾಕ್ಟರು ಕೇಳಿದ್ದರು, ಬನಿಯನ್ ಎಂದು ಕರೆದದ್ದು ಅವರಿಗೂ ಹೊಸದು. ಪುರಂದರನನ್ನು ದೂರದ ಒಂದು ತಗಡಿನ ಶೆಡ್ಡಿಗೆ ಕಳಿಸಿ ಬಾಗಿಲು ಹಾಕಿಸಿದರು. ಅಲ್ಲಿ ಇನ್ನೊಬ್ಬನಿದ್ದ. ಲಿಂಗಪ್ಪನ್ ಎಂಬ ಟೀ ತೋಟದ ಕೂಲಿ, ಊರಿಗೆ ಬಂದು ತೋಟಕ್ಕೆ ಹಿಂದಿರುಗುತ್ತಿದ್ದವನು, ನಿಜವಾಗಿ ಜ್ವರ ಬಂದವನು. ಹೊತ್ತು ಕಳೆಯಬೇಕಲ್ಲ, ಅವನು ತಾನು ಕಂಡ ಕೊಳುಂಬು, ಗಾಲಿ, ತಿರುಕೋಣಮಲೆ, ಎಲ್ಲ ಕಡಲೂರುಗಳ ಸುದ್ದಿಯನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಒಂದು ಬೆಳಿಗ್ಗೆ ಮಾತು ನಿಲ್ಲಿಸಿದ. ಆಮೇಲೆ ಇಬ್ಬರು ಬಂದು ಅವನನ್ನು ಚಾಪೆಯ ಸಮೇತ ಎತ್ತಿಕೊಂಡು ಹೋದರು. ಪುರಂದರ ನೆನೆಯಲು ಇಷ್ಟಪಡದ ಸಂಗತಿಗಳಲ್ಲಿ ಅದು ಒಂದು.

ಇನ್ನೊಂದು, ಅಕ್ಕಿಯದು. ಕ್ಯಾಂಪಿನ ಅಡುಗೆಯನ್ನು ಯಾರು ಮಾಡಿದ್ದೋ ಏನೋ ಎಂದು ಪುರಂದರ ಮೊದಲು ಉಪವಾಸವಿದ್ದ. ಆಚಾರ ಹೊಟ್ಟೆಗಿಂತ ಗಟ್ಟಿ ಎಂದುಕೊಂಡಿದ್ದ. ಹಸಿವು ಕಣ್ಣಿಗೆ ಕತ್ತಲೆ ತಂದಾಗ ಬಿಳಿ ಬಟ್ಟೆಯ ಗಂಟನ್ನು ಬಿಚ್ಚಿ, ಮೂರು ಕಲ್ಲು ಹೂಡಿ, ಅದೇ ತಾಮ್ರದ ತಂಬಿಗೆಯಲ್ಲಿ ಅನ್ನ ಮಾಡಿಕೊಂಡು ತಿಂದ. ಮಡಿಯನ್ನು ಉಳಿಸಿಕೊಳ್ಳಲು ಅಪ್ಪನ ಪಿಂಡವನ್ನು ತಿಂದವನು ನಮ್ಮ ಕಡೆ ಅವನೊಬ್ಬನೇ ಇರಬೇಕು. ಎಳ್ಳನ್ನು ಮಾತ್ರ ತಿನ್ನಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅತ್ತನಂತೆ.

ಮೈಯ ಕೆಂಪು ಇಳಿದು ಅವನನ್ನು ಬಿಡುವ ಹೊತ್ತಿಗೆ ಕೊಳುಂಬಿನಲ್ಲಿ ಪಂದ್ಯಗಳು ಮುಗಿದಿದ್ದವು. ರಾಮೇಶ್ವರವಾದರೂ ಪಕ್ಕದಲ್ಲೇ ಇತ್ತು, ರೈಲು ಸೇತುವೆ ದಾಟಿದರೆ ಆಯಿತು. ಆದರೆ ಸಿಡುಬಿನ ಶೆಡ್ಡಿನಿಂದ ಬಂದವನೆಂದು ಆ ಸೇತುವೆಯ ಕಡೆ ಹೋಗುವ ರೈಲಿಗೆ ಅವನನ್ನು ಹತ್ತಿಸಲಿಲ್ಲ. ಎರಡು ಕಡೆಗೆ ಹೊರಟವನು ಎಲ್ಲಿಗೂ ಮುಟ್ಟದೆ, ಕ್ಯಾಂಪಿನ ನಲ್ಲಿಯಿಂದ ತಂಬಿಗೆ ತುಂಬಿಸಿಕೊಂಡು, ಅಂಗಳದ ಮರಳನ್ನು ಒಂದು ಹಿಡಿ ಕಟ್ಟಿಕೊಂಡು ಹಿಂದಿರುಗಿದ. ಸೇತುವಿನ ತೀರ್ಥ ಸಮುದ್ರದ ನೀರು, ಉಪ್ಪಾಗಿರಬೇಕು ಎಂಬುದು ತಿರುಚ್ಚಿಯಲ್ಲಿ ಹೊಳೆಯಿತು. ಇಡ್ಲಿ ಮಾರುವವನ ಹತ್ತಿರ ಒಂದು ಚಿಟಿಕೆ ಉಪ್ಪು ಬೇಡಿ ತಂಬಿಗೆಗೆ ಹಾಕಿ ಅಲ್ಲಾಡಿಸಿದ.

ನಿಜ ಹೇಳಿಬಿಡಬೇಕೆಂದೇ ಅವನು ರೈಲು ಇಳಿದದ್ದು. ಆದರೆ ಪ್ಲಾಟ್‌ಫಾರಂ ಮೇಲೆ ಮ್ಯಾನೇಜರು ಎರಡನೆಯ ಹಾರ ಹಿಡಿದು ನಿಂತಿದ್ದರು. ಹಾರ ಕತ್ತಿಗೆ ಬಿದ್ದ ಮೇಲೆ ನಿಜ ಗಂಟಲಿನಿಂದ ಮೇಲಕ್ಕೆ ಬರಲಿಲ್ಲ. ಹೆಂಡತಿ ಪದ್ಮಾಕ್ಷಿಗೆ ಮಾತ್ರ ಅಂದೇ ಎಲ್ಲವನ್ನೂ ಹೇಳಿದ, ಉಪ್ಪಿನವರೆಗೂ. ಅವಳು ಒಂದು ಬೆರಳು ತಂಬಿಗೆಯಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿ, "ಹದವಾಗೇ ಹಾಕಿದೀರಿ" ಎಂದಳು.

ಅಂದಿನಿಂದ ಆ ಮನೆ ಎರಡಾಯಿತು. ಜಗಲಿಯ ಮೇಲೆ ಕೊಳುಂಬು, ನಡುಮನೆ ದಾಟಿದರೆ ರಾಮೇಶ್ವರ. ನಡುವಿನ ಬಾಗಿಲಿಗೆ ಪದ್ಮಾಕ್ಷಿ ಕಾವಲು. ಜಗಲಿಯಿಂದ ಯಾರಾದರೂ ಗಟ್ಟಿಯಾಗಿ "ಗೋಲ್!" ಎಂದರೆ ಅವಳು ಒಳಗೆ ಪಾತ್ರೆ ಬೀಳಿಸಬೇಕು. ಆ ಬೇಸಿಗೆಯಲ್ಲಿ ಅವರ ಮನೆಯ ಪಾತ್ರೆಗಳೆಲ್ಲ ನೆಗ್ಗಿದವು.

ಜಗಲಿಯಲ್ಲಿ ಪುರಂದರ ದಿನಕ್ಕೊಂದು ಊರು ತೋರಿಸುತ್ತಿದ್ದ. ಸತ್ತ ಲಿಂಗಪ್ಪನ್ ಹೇಳಿದ್ದ ಊರುಗಳೆಲ್ಲದರಲ್ಲೂ ಪುರಂದರ ಪಂದ್ಯ ನಡೆಸಿದ. ಗಾಲಿಯ ಕೋಟೆಯ ಪಕ್ಕ ಆಟ ನಡೆಯುವಾಗ ಚೆಂಡು ಸಮುದ್ರಕ್ಕೆ ಬಿದ್ದು, ಬೆಸ್ತನೊಬ್ಬ ಬಲೆ ಬೀಸಿ ತಂದುಕೊಟ್ಟನಂತೆ. ತಿರುಕೋಣಮಲೆಯಲ್ಲಿ ಗೋಲುಕಂಬದ ಹಿಂದೆಯೇ ಹಡಗು ನಿಂತಿತ್ತಂತೆ.

"ಪೇಪರ್‌ನಲ್ಲಿ ಆಟವೆಲ್ಲಾಂ ಕೊಳುಂಬಲ್ಲೇ ಅಂತ ಹಾಕಿದಾನಲ್ಲ?" ಎಂದ ಎದುರುಮನೆಯ ದೇವರಾಜನ್ ಒಮ್ಮೆ.

"ಪೇಪರ್‌ನವನು ಹೋಗಿದ್ನಾ, ನಾನು ಹೋಗಿದ್ನಾ?" ಎಂದ ಪುರಂದರ.

ದೇವರಾಜನ್ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಮಾರನೆಯ ದಿನದಿಂದ ಆ ಬೆಸ್ತನ ಕಥೆಯನ್ನು ತಾನೇ ಊರಿಗೆಲ್ಲ ಹೇಳತೊಡಗಿದ. ಗೋವಿಂದಸಾಮಿಗೆ ಪುರಂದರ, ಬರ್ಮಾ ತಂಡದ ನಾಯಕನೇ ಆ ಬನಿಯನ್ನನ್ನು ಕೇಳಿ ಇಸಿದುಕೊಂಡನೆಂದು ಹೇಳಿದ. ಕ್ಯಾಂಪಿನವರು ಅದನ್ನು ಸುಟ್ಟುಹಾಕಿದರು ಎಂದು ಸ್ನೇಹಿತನಿಗೆ ಹೇಗೆ ಹೇಳುವುದು?

ಒಳಗೆ ಸುಂದರಮ್ಮನವರು ದಿನವೂ ಸ್ನಾನವಾದ ಮೇಲೆ ಒಂದು ಉದ್ಧರಣೆ ತೀರ್ಥ ತೆಗೆದುಕೊಳ್ಳುತ್ತಿದ್ದರು. ಅದರಲ್ಲಿ ಕ್ಯಾಂಪಿನ ಔಷಧದ ವಾಸನೆ ಇತ್ತು. "ಸೇತು ತೀರ್ಥ ಅಂದ್ರೆ ಸುಮ್ನೆಯಾ? ಎಷ್ಟು ಜನರ ಪಾಪ ತೊಳೆದಿದೆಯೋ, ವಾಸನೆ ಇಲ್ದೆ ಇರುತ್ತಾ" ಎನ್ನುತ್ತಿದ್ದರು. ಮರಳನ್ನು ದೇವರ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಿದ್ದರು. ಮಗನನ್ನು ಕಂಡಾಗ, "ಪಿಂಡ ಹಾಕೋವಾಗ ಕಾಗೆ ಬಂತಾಡಾ?" ಎಂದು ಕೇಳುತ್ತಿದ್ದರು. "ತಕ್ಷಣ ಬಂತಮ್ಮಾ" ಎನ್ನುತ್ತಿದ್ದ. ಆಗ ಅವರ ಮುಖ ಹೇಗೆ ಅರಳುತ್ತಿತ್ತೆಂದರೆ ಪುರಂದರನಿಗೆ ಆ ಹೊತ್ತಿನ ಊಟ ಸೇರುತ್ತಿರಲಿಲ್ಲ.

ಆಷಾಢದಲ್ಲಿ ಸುಂದರಮ್ಮನವರು ಹಾಸಿಗೆ ಹಿಡಿದರು. ಕಾಲು ಊದಿತು, ಉಸಿರು ಮೇಲಕ್ಕೆ ಬಂತು. ಡಾಕ್ಟರು ಬಂದು ನೋಡಿ ಪುರಂದರನನ್ನು ಪಕ್ಕಕ್ಕೆ ಕರೆದರು. ಪಕ್ಕಕ್ಕೆ ಕರೆದ ಮೇಲೆ ಹೇಳುವುದೇನು, ಗೊತ್ತೇ ಇದೆ. ಹಾಸಿಗೆಯನ್ನು ಗಾಳಿ ಬರಲೆಂದು ನಡುಮನೆಗೆ ತಂದು ಹಾಕಿದರು. ಕೊಳುಂಬಿಗೂ ರಾಮೇಶ್ವರಕ್ಕೂ ನಡುವೆ ಇದ್ದ ಗಡಿ ಹಾಗೆ ಅಳಿಸಿಹೋಯಿತು.

ಅಂದೇ ಗೋವಿಂದಸಾಮಿ ತಿರುಪ್ಪೂರಿನಿಂದ ಹಣ್ಣು ಹಿಡಿದುಕೊಂಡು ಅಮ್ಮನನ್ನು ನೋಡಲು ಬಂದ. ಹೊಸ್ತಿಲಾಚೆ ನಿಂತು, ಕಾಯಿಲೆಯವರಿಗೆ ಸಂತೋಷವಾಗಲಿ ಎಂದು ತನಗೆ ತಿಳಿದ ಅತ್ಯುತ್ತಮ ಸುದ್ದಿಯನ್ನು ಹೇಳಿದ.

"ಅಮ್ಮಾ, ನಿಮ್ಮ ಮಗನಂಥೋರು ಸಿಕ್ಕಲ್ಲ. ಕೊಳುಂಬ್ ತನಕ ಹೋಗಿ, ಸಮುದ್ರ ದಾಟಿ, ನನ್ನ ಬನಿಯನ್ನ ಬರ್ಮಾಕಾರಂಗೆ ಹಾಕ್ಸಿ ಬಂದೋರೆ!"

ಪದ್ಮಾಕ್ಷಿ ಪಾತ್ರೆ ಬೀಳಿಸಿದಳು. ತಡವಾಗಿತ್ತು.

ಸುಂದರಮ್ಮನವರು ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ಪುರಂದರ ಹಾಲು ತಂದಾಗ ಮುಖ ತಿರುಗಿಸಿದರು. "ಪದ್ಮಾ ಕೊಡ್ಲಿ" ಎಂದರು, ಅಷ್ಟೇ.

"ಸುಳ್ಳಮ್ಮಾ! ನಾನು ಕೊಳುಂಬಿಗೆ ಹೋಗೇ ಇಲ್ಲ" ಎಂದು ಪುರಂದರ ಹಾಸಿಗೆಯ ಪಕ್ಕ ಕೂತ.

"ಅಪ್ಪುರಂ, ಮತ್ತೆ ಊರೆಲ್ಲಾ ಯಾಕೆ ಹೇಳತ್ತೆ? ನಾ ಸಾಯೋವಾಗ ನಂಗೆ ನಿಜ ಬೇಕು. ಕರಿ ಎಲ್ಲಾರನ್ನೂ."

ಹಾಗೆ ನ್ಯಾಯಸ್ಥಾನ ಸೇರಿತು. ಪುರೋಹಿತರಾದ ವ್ಯಾಸರಾಯಾಚಾರ್ಯರು ಮಣೆಯ ಮೇಲೆ ಕೂತರು. ಹೊಸ್ತಿಲಾಚೆ ದೇವರಾಜನ್, ಮ್ಯಾನೇಜರ್ ಸೋಮಸುಂದರಂ, ಹಣ್ಣಿನ ಬುಟ್ಟಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ ಗೋವಿಂದಸಾಮಿ. ನಾವು ಬೀದಿಯವರೆಲ್ಲ ಕಿಟಕಿಯಲ್ಲಿ. ಪುರಂದರ ಜಗಲಿಯಲ್ಲಿ ಒಬ್ಬೊಬ್ಬರ ಕೈ ಹಿಡಿದು ಬೇಡಿಕೊಂಡಿದ್ದ: "ನಾನು ಹೋಗಿಲ್ಲ ಅಂತ ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ." ಅವರು ತಲೆಯಾಡಿಸಿದ್ದರು. ಆದರೆ ಅವರಿಗೆ ಅರ್ಥವಾದದ್ದು ಬೇರೆ. ಹೆತ್ತ ತಾಯಿಯೇ ಮಗನನ್ನು ಸುಳ್ಳುಗಾರನೆಂದು ಅನುಮಾನಿಸುತ್ತಿದ್ದಾರೆ, ಪಾಪ, ಇವನು ಹೆದರಿದ್ದಾನೆ, ಇವನ ಮಾನ ಉಳಿಸಬೇಕು ಎಂದು.

"ಅಮ್ಮಾ" ಎಂದು ದೇವರಾಜನ್ ಎದೆ ಮುಟ್ಟಿಕೊಂಡ, "ನಿಮ್ಮ ಮಗ ಸುಳ್ಳು ಹೇಳೋ ಆಳೇ ಅಲ್ಲ. ಗಾಲಿಯಲ್ಲಿ ಚೆಂಡು ಸಮುದ್ರಕ್ಕೆ ಬಿದ್ದಾಗ ಪಕ್ಕದಲ್ಲೇ ಇದ್ರು. ನೀರು ಮುಖಕ್ಕೆ ಸಿಡೀತಂತೆ."

ಮ್ಯಾನೇಜರು ತಮಿಳಿನಲ್ಲಿ, ತಾವೇ ಟಿಕೆಟ್ಟು ಕೊಡಿಸಿದ್ದು, ತಾವೇ ಹಾರ ಹಾಕಿದ್ದು, ಗಿರಣಿಯ ಗೌರವ ಇದರಲ್ಲಿದೆ ಎಂದು ಖಡಾಖಂಡಿತವಾಗಿ ಹೇಳಿದರು. ಗೋವಿಂದಸಾಮಿ ಅಳುತ್ತಾ, "ಅವರು ಹೋಗಿಲ್ಲ ಅಂದ್ರೆ ನನ್ನ ಬನಿಯನ್ ಎಲ್ಲೋಯ್ತು ಹೇಳಿ!" ಎಂದ.

ಪದ್ಮಾಕ್ಷಿ ತಡೆಯಲಾರದೆ, "ಅತ್ತೇ, ದೇವರಾಣೆ ಇವರು ಸಮುದ್ರ ದಾಟಿಲ್ಲ" ಎಂದಳು.

"ಹೆಂಡ್ತಿ ಬೇರೆ ಹೇಗೆ ಹೇಳ್ತಾಳಮ್ಮಾ" ಎಂದರು ಆಚಾರ್ಯರು, ಮೃದುವಾಗಿಯೇ.

ಆಗ ಪುರಂದರ ಎದ್ದು ನಿಂತು ಕಿರುಚಿದ. "ನಾನು ಮಂಡಪದ ಶೆಡ್ಡಲ್ಲಿದ್ದೆ! ಮೈಯೆಲ್ಲಾ ಗುಳ್ಳೆ ಅಂತ ಹಿಡಿದು ಹಾಕಿದ್ರು! ಆಟ ಮುಗಿಯೋ ತನಕ ಅಲ್ಲೇ ಇದ್ದೆ, ಅಲ್ಲಿಂದಲೇ ವಾಪಸ್ ಬಂದೆ, ಕೊಳುಂಬು ನೋಡಿಲ್ಲ, ಗಾಲಿ ನೋಡಿಲ್ಲ, ಒಂದು ಗೋಲೂ ನೋಡಿಲ್ಲ!"

ಇಂಥ ಅಸಂಬದ್ಧವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಮ್ಯಾನೇಜರು ದೇವರಾಜನ್‌ನ ಮುಖ ನೋಡಿದರು. ತಾಯಿಯ ಕಾಯಿಲೆ ಮಗನ ತಲೆಗೆ ಏರಿದೆ ಎಂಬಂತೆ ದೇವರಾಜನ್ ಹಣೆಯ ಮೇಲೆ ಬೆರಳು ತಿರುಗಿಸಿದ.

ಸುಂದರಮ್ಮನವರು ಮಾತ್ರ ಮಗನನ್ನು ನೋಡುತ್ತಿದ್ದರು. ಅವರೊಬ್ಬರಿಗೆ ನಂಬಿಕೆ ಬಂದಿತ್ತು. ಬಂದದ್ದಕ್ಕೇ ಅವರ ಮುಖ ಬಿಳಿಚಿತು. ಮೊಣಕೈ ಊರಿ ಏಳಲು ನೋಡಿದರು.

"ಮಂಡಪದಿಂದ ವಾಪಸ್ಸಾ?" ಎಂದರು. "ಅಂದ್ರೆ... ರಾಮೇಶ್ವರಕ್ಕೂ ಹೋಗ್ಲಿಲ್ವಾ? ಅಪ್ಪಾಗೆ ಪಿಂಡ ಹಾಕ್ಲಿಲ್ವಾ ಪುರಂದರಾ?"

ಪುರಂದರ ಬಾಯಿ ತೆರೆದ. ಅವನ ಜನ್ಮದಲ್ಲಿ ನಿಜ ಹೇಳಲು ಅಷ್ಟು ಜನ ಸಾಕ್ಷಿಗಳು ಎಂದೂ ಸೇರಿರಲಿಲ್ಲ, ಇನ್ನು ಸೇರುವಂತೆಯೂ ಇರಲಿಲ್ಲ. ಒಂದು ಮಾತು ಹೇಳಿದರೆ ಅವನ ಕೈ ನೀರಿಗೆ ದೋಷವಿಲ್ಲ. ಆದರೆ ಆ ನೀರು ಕುಡಿಯುವವರು, ಗಂಡನಿಗೆ ಪಿಂಡ ಸಿಗಲಿಲ್ಲ ಎಂಬ ಸಂಕಟದಲ್ಲೇ ಕುಡಿಯಬೇಕು.

"ಹಾಕಿದೆ ಅಮ್ಮಾ" ಎಂದ. "ರಾಮೇಶ್ವರಕ್ಕೂ ಹೋದೆ, ಪಿಂಡನೂ ಹಾಕಿದೆ. ಆಮೇಲೆ... ಕೊಳುಂಬಿಗೂ ಹೋದೆ. ದಾಟಿದ್ದು ನಿಜ. ಈಗ ಹೇಳಿದ್ದೇ ಸುಳ್ಳು."

ಬೇರೆ ಸುಳ್ಳುಗಳನ್ನು ಅವನು ತನಗಾಗಿ ಹೇಳಿದ್ದ, ಇದನ್ನು ಹೇಳಿದ್ದು ಅವರಿಗಾಗಿ. ಸುಂದರಮ್ಮನವರು ದಿಂಬಿಗೆ ತಲೆ ಇಟ್ಟರು. ಕಣ್ಣಂಚಿನಲ್ಲಿ ನೀರಿತ್ತು, ಆದರೆ ಉಸಿರು ಸರಾಗವಾಯಿತು. "ಕಾಗೆ ಬಂತಲ್ಲಾ?" ಎಂದರು. "ತಕ್ಷಣ" ಎಂದ. ಹೊಸ್ತಿಲಾಚೆ ದೇವರಾಜನ್, "ನಾ ಹೇಳಲಿಲ್ವಾ?" ಎಂದು ಎಲ್ಲರ ಕಡೆಗೂ ತಿರುಗಿದ.

"ಪ್ರಾಯಶ್ಚಿತ್ತ ಇದೆಯಲ್ಲ ಆಚಾರ್ರೇ?" ಎಂದರು ಸುಂದರಮ್ಮ. "ಬೇಗ ಮಾಡಿಸಿ. ಕಡೇ ತೀರ್ಥ ನಂಗೆ ಇವನ ಕೈಯಿಂದಲೇ ಬೇಕು."

ಬೇಗ ಎಂಬ ಮಾತು ಶಾಸ್ತ್ರದಲ್ಲಿ ಅಪರೂಪ. ಅಂದು ಏಕಾದಶಿ, ಪಂಚಗವ್ಯ ಬಾಯಿಗೆ ಹಾಕುವಂತಿಲ್ಲ. ಮಾರನೆಯ ದಿನ ದ್ವಾದಶಿ, ಆಚಾರ್ಯರಿಗೆ ಪಾರಣೆ, ಮೇಲಾಗಿ ಶುಕ್ರವಾರ, ಕ್ಷೌರವಿಲ್ಲ. ಅದರಾಚೆಯ ದಿನ ಶನಿವಾರ, ಅಂದೂ ಕ್ಷೌರವಿಲ್ಲ. ಭಾನುವಾರ ಎಂದು ಗೊತ್ತಾಯಿತು. ಸುಂದರಮ್ಮನವರು ಭಾನುವಾರಕ್ಕಾಗಿ ಕಾದರು. ಬೇರೆ ಯಾವ ಕಾರಣಕ್ಕೂ ಅವರು ಆ ಎರಡು ದಿನ ಉಸಿರಾಡಿದಂತೆ ನಮಗೆ ತೋರಲಿಲ್ಲ. ಪುರಂದರ ಹೊಸ್ತಿಲಾಚೆ ಕೂತು ಅವರನ್ನೇ ನೋಡುತ್ತಿದ್ದ, ಅವರು ಇವನನ್ನು. ಒಮ್ಮೆ ಮಾತ್ರ, "ಸಮುದ್ರ ಹೇಗಿತ್ತುಡಾ?" ಎಂದು ಕೇಳಿದರು. "ದೊಡ್ಡದಮ್ಮಾ" ಎಂದ. ಮಂಡಪದ ಶೆಡ್ಡಿನ ಕಿಟಕಿಯಿಂದ ಕಂಡಷ್ಟನ್ನು ಹೇಳಿದ. ಅದಾದರೂ ನಿಜವಾಗಿತ್ತು.

ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಎಲ್ಲ ಅಣಿಯಾಯಿತು. ಹೋಮಕ್ಕೆ ಇಟ್ಟಿಗೆ, ಬಾಳೆಯೆಲೆಯ ಮೇಲೆ ಹೊಸ ಜನಿವಾರ, ಬಟ್ಟಲಲ್ಲಿ ಪಂಚಗವ್ಯ. ಮೊದಲು ಕ್ಷೌರ. ಕ್ಷೌರಿಕ ಪುರಂದರನ ಹೆಸರಾಂತ ಕ್ರಾಪಿಗೆ ನೀರು ಹಚ್ಚಿ ಬೈತಲೆಯ ಒಂದು ಕಡೆಯಿಂದ ಶುರು ಮಾಡಿದ. ಬಲಗಡೆಯ ಅರ್ಧ ತಲೆ ಬೋಳಾಗಿತ್ತು, ಎಡಗಡೆಯ ಫುಟ್‌ಬಾಲ್ ಕಾರ್ಯದರ್ಶಿ ಇನ್ನೂ ಹಾಗೆಯೇ ಇದ್ದ.

ಪದ್ಮಾಕ್ಷಿ ಹಿತ್ತಿಲ ಬಾಗಿಲಿಗೆ ಬಂದಳು. "ಬನ್ನಿ" ಎಂದಳು.

ಪುರಂದರ ಓಡಿದ. ತಾಮ್ರದ ತಂಬಿಗೆಯನ್ನು ತೆಗೆದುಕೊಂಡು ಹೊಸ್ತಿಲಿಗೆ ಬಂದ. ಸುಂದರಮ್ಮನವರ ಕಣ್ಣು ಅವನ ತಲೆಯ ಮೇಲೆ ನಿಂತಿತು. ಅರ್ಧ ಬೋಳು, ಅರ್ಧ ಕೂದಲು. ಅವರು ನಿಧಾನವಾಗಿ ತಲೆಯನ್ನು ಅತ್ತಿತ್ತ ಆಡಿಸಿದರು, ಇನ್ನೂ ಆಗಿಲ್ಲ ಎನ್ನುವಂತೆ. ಪುರಂದರ ಅಲ್ಲೇ ನಿಂತ. ತಾಯಿಯ ಮಾತು ಮೀರಿ ಹೊಸ್ತಿಲು ದಾಟುವ ಧೈರ್ಯ ಆ ಸಮುದ್ರ ದಾಟಿದವನಿಗೆ ಇರಲಿಲ್ಲ. ಪದ್ಮಾಕ್ಷಿಯೇ ತಂಬಿಗೆಯನ್ನು ತೆಗೆದುಕೊಂಡು ಒಂದು ಉದ್ಧರಣೆ ಬಾಯಿಗೆ ಬಿಟ್ಟಳು. ಮಂಡಪದ ನಲ್ಲಿಯ ನೀರು, ತಿರುಚ್ಚಿಯ ಉಪ್ಪು. ಸುಂದರಮ್ಮನವರು ಅದನ್ನು ನುಂಗಿ, "ಸೇತು" ಎಂದರು. ಮುಖದಲ್ಲಿ ನಿಜವಾದ ಸಂತೋಷವಿತ್ತು. ಆ ಸಂತೋಷ ಹಾಗೆಯೇ ಉಳಿಯಿತು, ಉಸಿರು ನಿಂತಿತು.

ಹಿತ್ತಿಲಲ್ಲಿ ಕ್ಷೌರಿಕ ಕತ್ತಿ ಹಿಡಿದು ಕಾಯುತ್ತಿದ್ದ. ತಾಯಿ ಸತ್ತರೂ ಮಗನ ತಲೆ ಬೋಳಿಸಬೇಕಾದದ್ದೇ. ಪುರಂದರ ಬಂದು ಕೂತಾಗ, ದಕ್ಷಿಣೆಯ ಲೆಕ್ಕ ಬೇರೆ ಬೇರೆಯಾದ್ದರಿಂದಲೋ ಏನೋ, ಅವನು ತಗ್ಗಿದ ದನಿಯಲ್ಲಿ ಕೇಳಿದ:

"ಉಳಿದ ಅರೆ ತಲೆ ಯಾವುದಕ್ಕೆ ಸಾಮಿ? ಸಮುದ್ರಕ್ಕಾ, ಅಮ್ಮಾವ್ರಿಗಾ?"

ಪುರಂದರ ಅರ್ಧ ತಲೆಯಲ್ಲೇ ಎದ್ದುಹೋದ. ಆಚಾರ್ಯರ ಕಾಲು ಹಿಡಿದು, ತಾನು ಯಾವ ಸಮುದ್ರವನ್ನೂ ದಾಟಿಲ್ಲ, ತಾಯಿಗೆ ಸಂಕಟವಾಗದಿರಲಿ ಎಂದು ಹಾಗೆ ಹೇಳಿದ್ದು, ಕೊಳ್ಳಿ ತಾನೇ ಇಡುತ್ತೇನೆ ಎಂದು ಬೇಡಿಕೊಂಡ.

ಆಚಾರ್ಯರು ಕೆಟ್ಟವರಲ್ಲ. ಅವರ ಕಣ್ಣೂ ತುಂಬಿತ್ತು. "ಮೊನ್ನೆ ಹೋಗಿಲ್ಲ ಅಂದೆ, ಅಪ್ಪುರಂ ಹೋದೆ ಅಂದೆ, ಈಗ ಹೋಗಿಲ್ಲ ಅಂತೀಯ. ನಾನು ಯಾವ ಪುರಂದರನ್ನ ನಂಬಲಿ? ಸೂತಕ ಬಂದಾಯ್ತು, ಇನ್ನು ಪ್ರಾಯಶ್ಚಿತ್ತ ನಡೆಯೋಲ್ಲ. ಸಾಯೋವಾಗ ಆಕೆ ನಂಬಿದ್ದೇ ನಂಗೆ ಪ್ರಮಾಣ" ಎಂದರು. ಪಲ್ಲಡಂನಿಂದ ದಾಯಾದಿ ಚಂದ್ರಶೇಖರನನ್ನು ಕರೆಸಿದರು. ನೊಯ್ಯಲ್ ಹೊಳೆಯ ದಡದಲ್ಲಿ ಅವನೇ ಬೆಂಕಿ ಇಟ್ಟ. ಹೆತ್ತ ಮಗ ಊರಿನವರ ಸಾಲಿನಲ್ಲಿ ನಿಂತಿದ್ದ. ಪಕ್ಕದಲ್ಲಿ ಗಿರಣಿ ತಂಡದ ಗೋಲ್‌ಕೀಪರ್, ಏನಾದರೂ ಮಾತಾಡಿ ಸಮಾಧಾನ ಮಾಡಬೇಕೆಂದು, "ಕೊಳುಂಬಿನಲ್ಲಿ ಸುಡುಗಾಡೂ ಸಮುದ್ರದ ಪಕ್ಕಾನಾ ಸಾರ್?" ಎಂದು ಕೇಳಿದ. ಅಂಥ ಕೋಪ ನನಗೆ ನನ್ನ ಜನ್ಮದಲ್ಲಿ ಬಂದದ್ದಿಲ್ಲ. ಪುರಂದರ ಮಾತ್ರ, "ಗೊತ್ತಿಲ್ಲಪ್ಪಾ" ಎಂದ, ಬಹಳ ಶಾಂತವಾಗಿ.

ವರ್ಷದ ಸೂತಕ ಕಳೆಯುವವರೆಗೆ ಯಾತ್ರೆ ಕೂಡದು. ಕಳೆದ ಮೇಲೆ, ಮರುವರ್ಷ, ಪುರಂದರ ರಜೆ ಹಾಕಿ, ಬಿಳಿ ಬಟ್ಟೆಯಲ್ಲಿ ಅಕ್ಕಿ ಎಳ್ಳು ಕಟ್ಟಿಕೊಂಡು, ಅದೇ ತಾಮ್ರದ ತಂಬಿಗೆ ಹಿಡಿದು, ಯಾರಿಗೂ ಹೇಳದೆ ಹೊರಟ. ಈ ಸಲ ತೆಳು ಧೋತರ, ಬರಿ ಮೈ. ಮಂಡಪ ಬಂತು, ಹೋಯಿತು. ಸೇತುವೆಯ ಮೇಲೆ ರೈಲು ಮೆಲ್ಲಗೆ ದಾಟುವಾಗ ಎರಡು ಕಡೆಯೂ ನೀರು ಕಂಡು ಅವನಿಗೆ ಅಳು ತಡೆಯಲಾಗಲಿಲ್ಲ. ಸೇತುವಿನಲ್ಲಿ ಮಿಂದ. ಅಪ್ಪನಿಗೂ ಅಮ್ಮನಿಗೂ ಪಿಂಡ ಹಾಕಿದ. ಕಾಗೆ ಮಾತ್ರ ಬಹಳ ಹೊತ್ತು ಬರಲಿಲ್ಲ. ಬಿಸಿಲಿನಲ್ಲಿ ನೆತ್ತಿ ಸುಡುತ್ತಿದ್ದರೂ ಅದು ಬರುವವರೆಗೆ ಏಳಲಿಲ್ಲ.

ಆ ವರ್ಷ ನಾಲ್ಕು ದೇಶಗಳ ಪಂದ್ಯಾವಳಿ ನಡೆದದ್ದು ರಂಗೂನಿನಲ್ಲಿ, ಸರಿಯಾಗಿ ಅದೇ ದಿನಗಳಲ್ಲಿ. ಅದನ್ನು ಪುರಂದರ ಮರೆತೇಬಿಟ್ಟಿದ್ದ. ನಮ್ಮ ಬೀದಿ ಮರೆತಿರಲಿಲ್ಲ.

ಬೀದಿಯ ತಿರುವಿನಲ್ಲೇ ದೇವರಾಜನ್ ಹಿಡಿದ. "ಏನ್ ಸಾರ್, ರಂಗೂನ್ ಹೇಗಿತ್ತು?"

"ರಾಮೇಶ್ವರಕ್ಕೆ ಹೋಗಿದ್ದೆ."

"ಆಮಾ ಆಮಾ, ರಾಮೇಶ್ವರ" ಎಂದು ದೇವರಾಜನ್ ಕಣ್ಣು ಮಿಟುಕಿಸಿದ. "ಈಗ ಅಮ್ಮಾನೂ ಇಲ್ವಲ್ಲ ಸಾರ್, ಇನ್ನೂ ಯಾರಿಗೆ ಹೆದರ್ತೀರಿ?"

ಪುರಂದರ ಪ್ರತಿ ಜಗಲಿಯಲ್ಲೂ ನಿಂತು ರಾಮೇಶ್ವರ ಎಂದು ಹೇಳಿದ. ಎಲ್ಲರೂ ನಕ್ಕು, ತಲೆಯಾಡಿಸಿ, ಗೋಲು ಎಷ್ಟು ಎಂದು ಕೇಳಿದರು. ಮ್ಯಾನೇಜರು ಹಾರ ತರಿಸಲು ಆಳು ಕಳಿಸಿದ್ದಾರೆ ಎಂದೂ ತಿಳಿಯಿತು. ಅವನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಬ್ಬಳಾದರೂ ಎಲ್ಲ ನಿಜ ತಿಳಿದವಳು ಅಲ್ಲಿದ್ದಳಲ್ಲ. ತಾಮ್ರದ ತಂಬಿಗೆಯನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದ.

ಪದ್ಮಾಕ್ಷಿ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಗಂಡನ ಮುಖವನ್ನು ಕನಿಕರದಿಂದ ನೋಡಿದಳು.

"ಈ ಸಲ ಉಪ್ಪು ಜಾಸ್ತಿ ಆಯ್ತು" ಎಂದಳು.